ಬೋಲ್ಟು ಮತ್ತು ಮ್ಯಾಗಜಿನ್ನಿನ ಸ್ಪ್ರಿಂಗು

ತಾನಾಗಿಯೇ ಗುಂಡು ತುಂಬಿಕೊಳ್ಳುವ ದಪ್ಪ ನಳಿಗೆಯ ಕೋವಿಯೊಂದರಲ್ಲಿ, ಕಾಡತೂಸುಗಳನ್ನು ಮೇಲಕ್ಕೆತ್ತುವ ಕೆಲಸ ಅವುಗಳ ಗೂಡಾದ ಮ್ಯಾಗಜಿನ್ನಿನ ಸ್ಪ್ರಿಂಗಿನದು, ಪ್ರತಿ ಗುಂಡಿಗೂ ಹಿಂದೆ ಸರಿದು ಮುಂದೆ ಬರುತ್ತ ಅವನ್ನು ನಳಿಗೆಗೆ ತಳ್ಳುವ ಕೆಲಸ ಬೋಲ್ಟಿನದು. ಆನೆ ಕಾವಲಿಗೆ ಹೋಗುವ ಕೋವಿ ಬಿರುಸಾಗಿರಲಿ ಎಂದು, ರಿಪೇರಿಯ ಬೆಳ್ಯಪ್ಪ ಬೋಲ್ಟಿನ ಬೆನ್ನಿಗೆ ಗಡುಸಾದ ಹೊಸ ಸ್ಪ್ರಿಂಗ್ ಹಾಕಿದ. ಪರೀಕ್ಷೆಯಲ್ಲಿ ಮೊದಲ ಗುಂಡು ಹಾರಿತು. ಎರಡನೆಯ ಸಲ ಟ್ರಿಗರ್ ಎಳೆದಾಗ ಬರೀ ‘ಟಕ್’ ಎಂದಿತು.

“ಎಲ್ಲಿ ತಂಗಿ, ನಿನ್ನ ಕಾಡತೂಸು? ನಾನು ಹೋಗಿ ಬಂದರೂ ನೀನಿನ್ನೂ ಏಳುತ್ತಲೇ ಇದ್ದೀಯ!” ಎಂದು ಬೋಲ್ಟು ಹಂಗಿಸಿತು.

“ಹೊರೆ ಭಾರ, ಅಣ್ಣ. ಎತ್ತುವಷ್ಟು ಹೊತ್ತು ಕೊಡು.”

“ನುಗ್ಗಿ ಬರುವ ಆನೆ ಹೊತ್ತು ಕೊಡುತ್ತದೆಯೇ? ಕಾವಲುಗಾರ ಸತ್ತರೆ ಪಾಪ ನಿನ್ನದು.”

ಬೆಳ್ಯಪ್ಪನ ಬೆರಳು ಮ್ಯಾಗಜಿನ್ನಿನತ್ತ ಚಾಚಿದಾಗ, ಪಕ್ಕದಲ್ಲಿದ್ದ ಗುಜರಿ ಡಬ್ಬಿಯನ್ನು ಕಂಡು ಸ್ಪ್ರಿಂಗಿನ ಜೀವ ಬಾಯಿಗೆ ಬಂತು. ಅವನು ಅದನ್ನು ಒತ್ತಿ ನೋಡಿ, ತಲೆದೂಗಿ, ಹಾಗೇ ಬಿಟ್ಟ. ಬೋಲ್ಟಿನ ಬೆನ್ನಿನ ಹೊಸ ಸ್ಪ್ರಿಂಗನ್ನೇ ಕಿತ್ತು, ಮೆದುವಾದ ಹಳೆಯದನ್ನು ಕೂರಿಸಿದ. ಈಗ ಐದಕ್ಕೆ ಐದೂ ಗುಂಡು ಹಾರಿದವು.

“ನೋಡಿದೆಯಾ, ಬೈದ ಮೇಲೆ ಚುರುಕಾದೆ,” ಎಂದಿತು ಬೋಲ್ಟು.

“ನಾನು ಎತ್ತಿದ್ದು ಎಂದಿನಂತೆಯೇ, ಅಣ್ಣ. ಈ ಸಲ ನೀನು ಕಾದೆ.”