ನಾಯಕನಿಗೆ ಬಗ್ಗದ ಚೌರಮ್ಮ

ಒಂದಾನೊಂದು ಕಾಲದಲ್ಲಿ, ನಮ್ಮ ಹೊಳೆಗೆ ಇನ್ನೂ ಸೇತುವೆ ಅನ್ನೋದೇ ಗೊತ್ತಿಲ್ಲದ ಕಾಲದಲ್ಲಿ, ದಂಡೆ ಮೇಲೆ ಮಡುವಿನಕೊಪ್ಪಲು ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಇನ್ನಾಸಪ್ಪ ಅಂತ ಹರಿಗೋಲು ನಡೆಸೋನು ಒಬ್ಬ ಇದ್ದನಂತೆ. ಹರಿಗೋಲು ಗೊತ್ತಲ್ಲ ಕಂದ, ಬಿದಿರು ಹೆಣೆದು ಚರ್ಮ ಹೊದಿಸಿದ ದೊಡ್ಡ ಬುಟ್ಟಿ ಥರದ ದೋಣಿ, ಗುಂಡಗಿರುತ್ತೆ, ಹತ್ತಿದೋರೆಲ್ಲ ಮಂಡಿಗೆ ಮಂಡಿ ತಾಗಿಸಿಕೊಂಡೇ ಕೂತ್ಕೋಬೇಕು. ಇನ್ನಾಸಪ್ಪನಿಗೆ ಮೂರು ಜನ ಮಕ್ಕಳು. ದೊಡ್ಡೋನು ರಾಯಪ್ಪ, ಅವನಿಗೆ ಸುಖವಾಗಿ ಬದುಕೋ ಆಸೆ. ನಡುವಿನೋನು ಅರುಳಪ್ಪ, ಅವನಿಗೆ ನೆರಳು ಕಂಡ್ರೂ ಹೆದರಿಕೆ. ಕೊನೆಯವಳು ಚೌರಮ್ಮ, ಅವಳಿಗೆ ಮೂಗಿನ ತುದೀಲೇ ಸಿಟ್ಟು.

ಇನ್ನಾಸಪ್ಪ ಸಾಯೋ ಕಾಲಕ್ಕೆ ಮೂವರನ್ನೂ ಹತ್ರ ಕರೆದನಂತೆ. ಕೂಗಿದೋರನ್ನ ದಂಡೇಲಿ ಬಿಟ್ಟು ಬರಬೇಡಿ ಮಕ್ಳೇ, ಅವರು ಯಾರೇ ಆಗಿರ್ಲಿ ಅಂದನಂತೆ. ಆಮೇಲೆ, ಮನುಷ್ಯನ ಒಳಗೆ ಒಂದು ಎಳೆದಾಟ ಇರುತ್ತೆ, ಒಂದು ಕಡೆ ನನ್ನಾಸೆ ನನ್ನದು ಅಂತ ಎಳೀತದೆ, ಇನ್ನೊಂದು ಕಡೆ ಪವಿತ್ರಾತ್ಮರು ಕರೀತಾರೆ, ಅವರು ಕಿರುಚೋದಿಲ್ಲ, ಕೇಳಿಸಬೇಕಾದ್ರೆ ನಾವೇ ಸ್ವಲ್ಪ ಬಾಯಿ ಮುಚ್ಚಬೇಕು ಅಂತ ಹೇಳಿ ಚೌರಮ್ಮನ ಕಡೆನೇ ನೋಡಿದನಂತೆ. ಶಿಲುಬೆ ಗುರುತು ಹಾಕ್ಕೊಂಡು ಕಣ್ಣು ಮುಚ್ಚಿದನಂತೆ.

ಹೊಳೆ ಆಚೆ ದಂಡೇಲಿ ಸುಣ್ಣ ಸುಡೋರ ಕೇರಿ ಒಂದಿತ್ತು. ಆ ಸೀಮೆಗೆ ಭೈರಸ ನಾಯಕ ಅಂತ ಪಾಳೇಗಾರ. ಅವನು ದೊಡ್ಡ ಕೋಟೆ ಕಟ್ಟಿಸ್ತಿದ್ದ. ಸುಣ್ಣ ಎಲ್ಲಾನೂ ಬಿಟ್ಟಿ ಕೊಡಿ ಅಂತ ಆ ಕೇರಿಗೆ ಹೇಳಿ ಕಳಿಸಿದ. ಅವರು, ಹೊಟ್ಟೆಗೇನು ತಿನ್ನೋಣ ದೊರೆ, ಆಗಲ್ಲ ಅಂದರಂತೆ. ನಾಯಕನಿಗೆ ಕೆಂಡ ಮೆಟ್ಟಿದಂಗಾಯ್ತು. ಇನ್ಮೇಲೆ ಆ ಕೇರಿಗೆ ಉಪ್ಪಿಲ್ಲ, ರಾಗಿ ಇಲ್ಲ, ಅಲ್ಲಿಗೆ ಯಾವ ಹರಿಗೋಲೂ ಹೋಗಕೂಡದು ಅಂತ ಡಂಗುರ ಹೊಡೆಸಿದನಂತೆ.

ಆಮೇಲೆ ನಾಯಕ ಇನ್ನಾಸಪ್ಪನ ಮೂರು ಮಕ್ಕಳನ್ನೂ ಕೋಟೆ ಹತ್ರ ಕರೆಸಿದ. ಆ ಕೇರಿಗೆ ಹರಿಗೋಲು ಬಿಡಲ್ಲ ಅಂತ ಮಾತು ಕೊಟ್ರೆ ನೀರಾವರಿ ಗದ್ದೆ ಕೊಡ್ತೀನಿ ಅಂತ ರಾಯಪ್ಪನಿಗೆ ಅಂದ, ರಾಯಪ್ಪ ತಲೆ ಬಗ್ಗಿಸಿದ. ಅರುಳಪ್ಪನಿಗೆ ಏನೂ ಕೊಡ್ತೀನಿ ಅನ್ನಲಿಲ್ಲ, ಬರೀ ಕತ್ತಿ ತೋರಿಸಿದ, ಅವನೂ ತಲೆ ಬಗ್ಗಿಸಿದ. ಚೌರಮ್ಮನ ಮುಂದೆ ಜರತಾರಿ ಅಂಚಿನ ಸೀರೆ ಇಟ್ಟರು. ನೋಡವ್ವ, ಅವಳಿಗೂ ಆಸೆ ಆಯ್ತಂತೆ, ಬೆರಳಲ್ಲಿ ಅಂಚು ಮುಟ್ಟಿನೂ ನೋಡಿದಳಂತೆ. ಆಮೇಲೆ ಆ ಸೀರೇನ ಎತ್ತಿ, ಕೋಟೆ ಕಟ್ಟೋಕೆ ಅಲ್ಲೇ ಸುಣ್ಣ ಕಲಸಿದ್ದ ಗುಂಡಿಗೆ ಎಸೆದು, ಹೊಳೆ ಏನು ನಿಮ್ಮಪ್ಪ ತೋಡಿಸಿದ್ದಾ, ನಾನು ಹೋಗೋಳೇ, ನೀನೇನು ಕಿತ್ಕೋತೀಯೋ ಕಿತ್ಕೋ ಅಂತ ಎಲ್ಲರ ಮುಂದೆ ಉಗಿದು ಬಂದಳಂತೆ. ದಾರಿ ತುಂಬಾ ಜನ, ಎಂಥಾ ಹೆಣ್ಣಪ್ಪಾ ಅಂತಿದ್ರೆ ಅವಳ ಎದೆ ಉಬ್ಬಿ ಉಬ್ಬಿ ಬಂತಂತೆ.

ಮಾರನೇ ದಿನ ಉಪ್ಪು ತುಂಬ್ಕೊಂಡು ಆಚೆ ದಂಡೆಗೆ ಹೋದ್ರೆ ಕೇರೀಲಿ ಒಂದು ಆಡಿನ ಸದ್ದೂ ಇಲ್ಲ. ಕೆಂಚಜ್ಜಿ ಅಂತ ಒಬ್ಬ ಮುದುಕಿ ಖಾಲಿ ಕೊಟ್ಟಿಗೆ ಮುಂದೆ ಕೂತಿದ್ದಳು. ಚೆನ್ನಾಗಿ ಮಾತಾಡಿದೆಯಂತಲ್ಲ ಮಗಳೇ, ನಿನ್ನ ಹೊಟ್ಟೆ ತಣ್ಣಗಾಯ್ತು, ಆ ಸಿಟ್ಟಿಗೆ ನಾಯಕನ ಆಳುಗಳು ನಮ್ಮ ಆಡೆಲ್ಲ ಹೊಡ್ಕೊಂಡು ಹೋದ್ರು ಅಂದಳಂತೆ. ಚೌರಮ್ಮನಿಗೆ ಕಪಾಳಕ್ಕೆ ಹೊಡೆದಂಗಾಯ್ತು. ನಾಯಕನಿಗೆ ಅವಳು ಆಗಲ್ಲ ಅಂದಿದ್ದು ತಪ್ಪಲ್ಲ ಕಂದ. ಆದ್ರೆ ಅವಳು ಅಷ್ಟೆಲ್ಲ ಕೂಗಾಡಿದ್ದು ಕೇರಿಗೋಸ್ಕರ ಅಲ್ಲ, ಜನ ಹೊಗಳಲಿ ಅಂತ. ಅದು ಅವಳಿಗೇ ಗೊತ್ತಾಯ್ತಂತೆ. ಉಪ್ಪು ಇಳಿಸಿ, ತಲೆ ತಗ್ಗಿಸಿಕೊಂಡು ಹುಟ್ಟು ಹಾಕ್ತಾ ಈಚೆಗೆ ಬಂದಳಂತೆ.

ಆಮೇಲೆ ನಾಯಕನ ಆಳುಗಳು ಬಂದು ಹರಿಗೋಲಿಗೆ ಬೆಂಕಿ ಇಟ್ಟರು. ಅಪ್ಪ ಹೆಣೆದ ಹರಿಗೋಲು, ಕಣ್ಣ ಮುಂದೇನೇ ಬೂದಿ ಆಯ್ತು. ಚೌರಮ್ಮ ಒಲೆಯಿಂದ ಮಡಕೆಗೆ ಕೆಂಡ ತುಂಬಿ, ಮೇಲೆ ತಟ್ಟೆ ಮುಚ್ಕೊಂಡು, ಹೊತ್ತು ಇಳಿಯೋ ಹೊತ್ತಿಗೆ ನಾಯಕನ ಕುದುರೆ ಲಾಯದ ಹಿಂದೆ ಹೋದಳಂತೆ. ಅಲ್ಲಿ ಮನೆ ಎತ್ತರ ಹುಲ್ಲಿನ ಬಣವೆ. ಕಾವಲಿಲ್ಲ. ಒಂದು ಕೆಂಡ ಸಾಕಿತ್ತು. ಬಣವೆಗೆ ಒರಗಿಕೊಂಡು ಲಾಯದೋನ ಗುಡಿಸಲು, ಒಳಗೆ ಯಾರೋ ಮಗೂಗೆ ಮುದ್ದೆ ತಿನ್ನಿಸ್ತಾ ಗದರಿಸ್ತಿದ್ರು. ಚೌರಮ್ಮನಿಗೆ ಅದು ಕೇಳಿಸಿದ್ರೂ ಕೇಳಿಸದಂಗೆ ತಟ್ಟೆ ತೆಗೆದು ಮಡಕೇನ ಬಣವೆ ಕಡೆ ಚಾಚಿದಳಂತೆ. ಆಗ ಅಪ್ಪನ ಮಾತು ನೆನಪಾಯ್ತು. ಪವಿತ್ರಾತ್ಮರೇ, ನನಗೆ ಈಗ ಸುಡಬೇಕು ಅಂತಲೇ ಆಸೆ, ಬೇರೆ ಏನೂ ಬೇಡ ಅನ್ನಿಸ್ತದೆ, ನೀವೇ ನನ್ನ ಹಿಡ್ಕೊಳ್ಳಿ ಅಂತ ಹಲ್ಲು ಕಚ್ಚಿಕೊಂಡು ನಿಂತಳಂತೆ. ಆಕಾಶದಿಂದ ಯಾವ ಮಾತೂ ಕೇಳಿಸಲಿಲ್ಲ, ಯಾವ ಬೆಳಕೂ ಬರಲಿಲ್ಲ. ಮಡಕೆ ಬಿಸಿಗೆ ಅಂಗೈ ಸುಡ್ತಿತ್ತು. ಚಾಚಿದ ಕೈ ಮಾತ್ರ ಮೆಲ್ಲಗೆ ಹಿಂದಕ್ಕೆ ಬಂತಂತೆ. ಕೆಂಡಾನೆಲ್ಲ ಚರಂಡಿಗೆ ಸುರಿದು, ಅಲ್ಲೇ ಕೂತು, ಸಿಟ್ಟಿಗೇ ಗಳಗಳ ಅತ್ತಳಂತೆ. ಒಳ್ಳೇದು ಮಾಡಿದ ತಕ್ಷಣ ಸಂತೋಷ ಆಗುತ್ತೆ ಅಂತ ಏನಿಲ್ಲ ಮಗಾ.

ಮಾರನೇ ದಿನ ಬೆಳಕು ಹರಿಯೋ ಹೊತ್ತಿಗೆ ಬಿದಿರು ಕಡ್ಕೊಂಡು ಬಂದು, ಎಲ್ಲರಿಗೂ ಕಾಣೋ ಹಾಗೆ ದಂಡೆ ಮೇಲೇ ಕೂತು ಹೊಸ ಹರಿಗೋಲು ಹೆಣೆಯೋಕೆ ಶುರು ಮಾಡಿದಳಂತೆ. ಆಳುಗಳು ಬಂದು ಮುರಿದು ಹಾಕಿದರು. ಅವಳು ಬೈಯಲಿಲ್ಲ, ಇನ್ನೊಂದು ಹೆಣೆದಳು. ಅದನ್ನೂ ಮುರಿದರು. ಮತ್ತೂ ಹೆಣೆದಳು. ಬಿದಿರು ಸೀಳಿ ಸೀಳಿ ಬೆರಳೆಲ್ಲ ಗಾಯ. ಮೂರನೇ ಸಲ ಬಂದ ಆಳು ಆ ಬೆರಳು ನೋಡಿ, ನೀನು ಬೈದಿದ್ರೆ ನನಗೆ ಸಲೀಸಾಗ್ತಿತ್ತು ತಾಯಿ, ಇವತ್ತು ನನ್ನ ಕಣ್ಣಿಗೆ ಹರಿಗೋಲೇ ಕಾಣಿಸಲಿಲ್ಲ ಅಂತ ಹೇಳಿ ಹೊರಟುಹೋದನಂತೆ. ಅವಳು ಅವತ್ತೇ ರಾಗಿ ತುಂಬ್ಕೊಂಡು ಆಚೆ ದಂಡೆಗೆ ಹೋದಳು. ನಾಯಕನ ಅಪ್ಪಣೆ ಅಪ್ಪಣೆಯಾಗೇ ಇತ್ತು, ಇವಳ ಹರಿಗೋಲು ಹೋಗ್ತಾನೇ ಇತ್ತು.

ಆಮೇಲೆ ಮಳೆಗಾಲ ಬಂತು. ಹೊಳೆ ನಡುವೆ ಒಂದು ನಡುಗಡ್ಡೆ. ಸುಣ್ಣದ ಕಲ್ಲು ಆರಿಸೋಕೆ ಅಂತ ಕೇರಿಯ ಹೆಂಗಸರು ಮಕ್ಕಳು, ಕೆಂಚಜ್ಜಿ ಮಗ ಮಾರ ಅಲ್ಲಿಗೆ ಹೋಗಿದ್ದರು. ನಾಯಕನೂ ಬೇಟೆಗೆ ಅಂತ ಅಲ್ಲಿಗೇ ಹೋಗಿದ್ದ. ಎಲ್ಲೋ ಮೇಲೆ ಮಳೆ ಸುರಿದು, ನೋಡ್ತಾ ನೋಡ್ತಾ ಕೆಂಪು ನೀರು ಏರಿ ಬಂತಂತೆ. ನಾಯಕನ ಸವಾರರು ಅವನನ್ನೂ ಬಿಟ್ಟು ಕುದುರೆ ಈಜಿಸ್ಕೊಂಡು ದಂಡೆ ಸೇರಿಬಿಟ್ಟರು. ನಡುಗಡ್ಡೇಲಿ ಉಳಿದೋರು ಬಾಯಿ ಬಾಯಿ ಬಡ್ಕೊಂಡು ಕೂಗಿದರಂತೆ.

ಚೌರಮ್ಮ ಹರಿಗೋಲು ನೂಕಿದಳು. ನಡುಗಡ್ಡೆ ಮುಟ್ಟಿದ್ದೇ ತಡ, ನಾಯಕ ಕತ್ತಿ ಹಿರಿದು, ಮೊದಲು ನನ್ನ ದಾಟಿಸು, ನನ್ನೊಬ್ಬನನ್ನೇ, ಈ ಜನರ ಜೊತೆ ನಾನು ಕೂರಲ್ಲ ಅಂದನಂತೆ. ಚೌರಮ್ಮ ಅವನ ಮುಖ ನೋಡಿ, ಕಡೀರಿ ದೊರೆ, ಆಮೇಲೆ ಹುಟ್ಟು ಯಾರು ಹಾಕ್ತಾರೆ ನೋಡೋಣ, ಮೊದಲು ಮಕ್ಕಳು, ತಾಯಂದಿರು, ನೀವು ಮಾರನ ಜೊತೆ ಆ ಮರ ಹತ್ತಿ ಕೂತಿರಿ, ಬರ್ತೀನಿ ಅಂತ ತಣ್ಣಗೆ ಅಂದಳಂತೆ. ದನಿ ಏರಿಸಲಿಲ್ಲ. ಕತ್ತಿ ಹಾಗೇ ಗಾಳೀಲಿ ನಿಂತ್ಕೊಂಡಿತು, ಮಕ್ಕಳು ಒಬ್ಬೊಬ್ಬರಾಗಿ ಅದರ ಕೆಳಗೇ ನುಸುಳಿ ಹರಿಗೋಲು ಹತ್ತಿದರಂತೆ.

ಅವರನ್ನೆಲ್ಲ ದಂಡೆಗಿಳಿಸಿ ತಿರುಗಿದ್ರೆ, ರಾಯಪ್ಪ ಅರುಳಪ್ಪ ಇಬ್ಬರೂ ಹರಿಗೋಲಿನ ಅಂಚು ಹಿಡ್ಕೊಂಡಿದ್ದಾರೆ. ಹೋಗಬೇಡ, ಅಪ್ಪನ ಹರಿಗೋಲು ಸುಟ್ಟೋನು ಅವನು, ಹೊಳೆನೇ ನ್ಯಾಯ ಮಾಡ್ಲಿ ಅಂದ ರಾಯಪ್ಪ. ಇಳಿದು ಬಂದ ತಾಯಂದಿರೂ, ಮಾರ ಈಜಿ ಬರ್ತಾನೆ, ಅವನನ್ನ ಬಿಡು ತಾಯಿ ಅಂದರಂತೆ. ಚೌರಮ್ಮನ ಒಳಗೂ ಅದೇ ಮಾತು ಕುಣೀತಿತ್ತು. ಸ್ವಲ್ಪ ತಡ ಮಾಡು ಸಾಕು, ಯಾರೂ ನಿನ್ನ ಬೈಯಲ್ಲ ಅಂತಿತ್ತು. ಅವಳು ಕಣ್ಣು ಮುಚ್ಚಿ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದಳಂತೆ. ಆಮೇಲೆ ಕಣ್ಣು ಬಿಟ್ಟು, ಕೈ ತೆಗೀರಿ, ಅವನ ಅಪ್ಪಣೆಗೆ ಬಗ್ಗದೋಳು ನನ್ನ ಸೇಡಿಗೆ ಬಗ್ತೀನಾ ಅಂದಳಂತೆ. ಅಣ್ಣಂದಿರ ಕೈ ಸಡಿಲ ಆಯ್ತು. ಆಗ ಅರುಳಪ್ಪ, ಕಂದ, ಗಡಗಡ ನಡುಗ್ತಿದ್ದೋನು, ಇನ್ನೊಂದು ಹುಟ್ಟು ತಗೊಂಡು ತಂಗಿ ಪಕ್ಕ ಹತ್ತಿ ಕೂತನಂತೆ.

ಹೋಗಿ ನೋಡಿದ್ರೆ ನಡುಗಡ್ಡೆ ಮುಳುಗಿ ಹೋಗಿದೆ, ಮರ ಮಾತ್ರ ನೀರಲ್ಲಿ ನಿಂತಿದೆ. ನಾಯಕನಿಗೆ ಈಜು ಬರಲ್ಲ. ಮಾರ ಒಂದು ಕೈಲಿ ಕೊಂಬೆ, ಇನ್ನೊಂದು ಕೈಲಿ ನಾಯಕನ ಸೊಂಟದ ಪಟ್ಟಿ ಹಿಡ್ಕೊಂಡು ನೇತಾಡ್ತಿದ್ದನಂತೆ. ಕತ್ತಿ ಎಲ್ಲೋ ಕೊಚ್ಚಿ ಹೋಗಿತ್ತು. ಇಬ್ಬರನ್ನೂ ಎಳೆದು ಹಾಕ್ಕೊಂಡರು. ಹರಿಗೋಲಿಗೆ ನೀರು ನುಗ್ತಿತ್ತು, ಚೌರಮ್ಮ ನಾಯಕನ ಕಡೆ ತಿರುಗಿ, ಸುಮ್ನೆ ಕೂತ್ಕೊಂಡ್ರೆ ಎಲ್ಲಾರೂ ಹೋಗ್ತೀವಿ, ನೀರು ತೋಡಿ ಅಂದಳಂತೆ. ಭೈರಸ ನಾಯಕ ಮಾರನ ಮಂಡಿಗೆ ಮಂಡಿ ತಾಗಿಸಿಕೊಂಡು, ಬೊಗಸೆ ಬೊಗಸೆ ನೀರು ತೋಡಿದನಂತೆ.

ದಂಡೆ ಸೇರಿದ ಮೇಲೆ ನಾಯಕ ಕೆಸರಲ್ಲೇ ಕೂತು ತುಂಬಾ ಹೊತ್ತು ಕೆಮ್ಮಿ, ಏನು ಬೇಕು ಕೇಳು ಅಂದನಂತೆ. ಜನ ಎಲ್ಲಾ ಬಾಯಿ ಬಿಟ್ಟು ಕಾಯ್ತಾ ನಿಂತರು. ಚೌರಮ್ಮ ತಲೆಗೂದಲು ಹಿಂಡಿಕೊಂಡು, ನನಗೇನೂ ಬೇಡ ದೊರೆ, ನೀರಿಳಿದ ಮೇಲೆ ಸುಣ್ಣದ ಕೇರಿಗೆ ಉಪ್ಪು ತಗೊಂಡು ಹೋಗ್ತೀನಿ, ಅವರ ಆಡನ್ನೂ ಹೊಡ್ಕೊಂಡು ಹೋಗ್ತೀನಿ, ಕೇಳ್ತಾ ಇಲ್ಲ, ಹೇಳ್ತಾ ಇದ್ದೀನಿ ಅಂದಳಂತೆ.

ನಾಯಕ ಎದ್ದು ಕೋಟೆ ಕಡೆ ನಡೆದನಂತೆ. ಮೂರು ದಿನಕ್ಕೆ ನೀರಿಳೀತು, ಆಡು ಕೂಡಿ ಹಾಕಿದ್ದ ಲಾಯದ ಹಿಂದಿನ ಬಾಗಿಲು ತೆರೆದಿತ್ತು, ಆಡುಗಳು ತಾವೇ ದಂಡೆಗೆ ಬಂದು ನಿಂತಿದ್ದವಂತೆ. ಅವನೇನು ದೇವರಂಥ ಮನುಷ್ಯ ಆಗಿಬಿಡಲಿಲ್ಲ ಕಂದ, ಆದ್ರೆ ಬಿಟ್ಟಿ ಸುಣ್ಣ ಅಂತ ಮತ್ತೆ ಕೇಳಲಿಲ್ಲ. ರಾಯಪ್ಪ ಗದ್ದೆ ವಾಪಸ್ ಕೊಟ್ಟು ನಾಚಿಕೊಂಡು ಮನೆಗೆ ಬಂದ, ಚೌರಮ್ಮ ಅವನಿಗೊಂದು ಮಾತೂ ಚುಚ್ಚದೆ ಬಿಸಿ ಮುದ್ದೆ ಹಾಕಿದಳಂತೆ. ಚುಚ್ಚಬೇಕು ಅಂತ ಆಸೆ ಇತ್ತು, ಚುಚ್ಚಲಿಲ್ಲ. ಉಪ್ಪು ಆಚೆ ಹೋಯ್ತು, ಸುಣ್ಣ ಈಚೆ ಬಂತು, ಎಲ್ಲರ ಮನೇಲೂ ಒಲೆ ಉರೀತು, ಕತೆ ಇಲ್ಲಿಗೆ ಮುಗೀತು. ಕಣ್ಣು ಮುಚ್ಚು ನನ್ನವ್ವ.