ತೊಂಬತ್ತು ಅಂಕದ ಸಾರು

ನಮ್ಮ ಹಾಸ್ಟೆಲಿಗೆ ಕಾಯಂ ಅಡುಗೆಯವರನ್ನು ಆರಿಸಲು ಸಮಿತಿಯ ಅಧ್ಯಕ್ಷೆಯಾದ ನಾನು ಅರ್ಜಿಗಳಿಗೆ ಅಂಕ ಕೊಡುವ ಎಐ ತರಿಸಿದೆ. ಹನ್ನೊಂದು ವರ್ಷದಿಂದ ಇಲ್ಲೇ ದಿನಗೂಲಿಗೆ ಅಡುಗೆ ಮಾಡುತ್ತಿದ್ದ ಗಂಗವ್ವನ ಕೈಬರಹದ ಅರ್ಜಿಗೆ ಅದು ನೂರಕ್ಕೆ ಹದಿನೆಂಟು ಅಂಕ ಕೊಟ್ಟಿತು. ಟೈಪ್ ಮಾಡಿಸಿದ ಐದು ಅರ್ಜಿಗಳಿಗೆ ತಲಾ ತೊಂಬತ್ತು.

"ನಾನು ಬಿ.ಎಸ್ಸಿ. ಓದಿದವಳು. ಯಂತ್ರ ಪಕ್ಷಪಾತ ಮಾಡೂದಿಲ್ಲ," ಎಂದೆ.

ಗಂಗವ್ವ ಹೊರಗೆ ಹೋದಳು. ಜೆರಾಕ್ಸ್ ಅಂಗಡಿಯ ವೀರಭದ್ರಪ್ಪನನ್ನು ಕರೆತಂದು ಅವನ ಕೈಗೆ ಸೌಟು ಕೊಟ್ಟಳು.

"ಅಕ್ಕಾರ, ಆ ಐದೂ ಅರ್ಜಿ ಬರದವರು ಇವರು. ಇವತ್ತಿನ ಸಾರು ಇವರ ಮಾಡ್ಲಿ."

"ನನಗ ಚಹಾ ಕಾಸಾಕೂ ಬರಂಗಿಲ್ರೀ ಮೇಡಂ," ಎಂದು ಅವನು ತಲೆ ತಗ್ಗಿಸಿದ.

ನಾನೂ ತಗ್ಗಿಸಿದೆ. ಊಟದ ದೂರು ಬರೆಯಲು ನಾನೇ ಇಟ್ಟ ಪುಸ್ತಕ ಹನ್ನೊಂದು ವರ್ಷದಿಂದ ಖಾಲಿಯಿತ್ತು. ಗಂಗವ್ವನ ನೇಮಕಕ್ಕೆ ಸಹಿ ಹಾಕಿ, ಅದರಲ್ಲಿ ಮೊದಲ ದೂರು ಬರೆದೆ, ನನ್ನ ಮೇಲೆ.