ಹಲ್ಲು ಮುರಿದ ಬೊಡ್ಡೆ

"ಗುರುಗಳೇ, ಸಿಟ್ಟಿನ ಬುಡ ಕೀಳಲು ಇದಕ್ಕಿಂತ ಹರಿತವಾದ ಮಂತ್ರ ಇಲ್ಲವೇ?"

ಮರುಳಯ್ಯ ಕೇಳಿದ್ದು ನಿಂತುಕೊಂಡೇ. ಬೆಳಗಿನಿಂದ ಅವನಿಗೆ ಒಂದು ಕಡೆ ಕೂರಲಾಗಿರಲಿಲ್ಲ. ಜಗಲಿಯಿಂದ ಬಾವಿಗೆ, ಬಾವಿಯಿಂದ ಜಗಲಿಗೆ ತಿರುಗಿ ತಿರುಗಿ ಮಠದ ಅಂಗಳದಲ್ಲಿ ಕಾಲುದಾರಿಯೇ ಬಿದ್ದಿತ್ತು. ಮರುದಿನ ಅವನ ಅಣ್ಣ ಬರುವವನಿದ್ದ, ಮಗಳ ಮದುವೆಗೆ ಕರೆಯಲು. ಅಪ್ಪ ತೀರಿಕೊಂಡಾಗ ಈ ಅಣ್ಣ ಬೇಕೆಂದೇ ತಡವಾಗಿ ಹೇಳಿಕಳಿಸಿದ ಎಂದು ಮರುಳಯ್ಯ ನಂಬಿದ್ದ. ಯಾಕೆ ತಡವಾಯಿತೆಂದು ಒಮ್ಮೆಯೂ ಕೇಳಿರಲಿಲ್ಲ. ಅಣ್ಣನ ಮುಖ ಕಂಡರೆ ಸಾಕು, ಮರುಳಯ್ಯನ ನಾಲಿಗೆ ಅವನ ಮಾತನ್ನೇ ಕೇಳುತ್ತಿರಲಿಲ್ಲ. ಈ ಸಲವೂ ಬೈದು ಕಳಿಸಿದರೆ ಅಣ್ಣ ಇನ್ನೊಮ್ಮೆ ಈ ಮೆಟ್ಟಿಲು ಹತ್ತುವವನಲ್ಲ. ಗುರುಗಳು ಕೊಟ್ಟ ಮಂತ್ರವನ್ನು ನಾಲಿಗೆ ಸವೆಯುವಷ್ಟು ಜಪಿಸಿದ್ದಾಯಿತು. ಬದಲಿಸಿಕೊಂಡು ಜಪಿಸಿದ್ದೂ ಆಯಿತು. ಸಿಟ್ಟು ಇದ್ದಲ್ಲೇ ಇತ್ತು.

"ಕೂತ್ಕೊಳೋ ಮರುಳಾ. ನೀನು ತಿರುಗೋದು ನೋಡಿ ನನಗೇ ತಲೆ ಸುತ್ತುತ್ತಿದೆ," ಎಂದರು ಗುರುಗಳು. "ಒಂದು ಕತೆ ಕೇಳು. ಇದು ನಾನು ಕಣ್ಣಾರೆ ಕಂಡದ್ದು. ಸುಳ್ಳಾದರೆ ಈ ಗಡ್ಡ ಇಲ್ಲೇ ಉದುರಲಿ."

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಹಿತ್ತಿಲಿನ ಹುಣಸೆಮರ ಒಣಗಿತು, ಕಡಿಸಿದ. ಬೊಡ್ಡೆ ಉಳಿಯಿತು. ಎಂಥ ಬೊಡ್ಡೆ! ಅದರ ಮೇಲೆ ಎರಡು ಜೊತೆ ಎತ್ತು ಕಟ್ಟಿ ಒಕ್ಕಣೆ ಮಾಡಬಹುದಿತ್ತು. ರೈತ ಬೊಡ್ಡೆ ಅರೆಯುವ ಮಿಷನ್ನು ತಂದ. ಅದಕ್ಕೊಂದು ಚಕ್ರ, ಚಕ್ರದ ಸುತ್ತ ಉಕ್ಕಿನ ಹಲ್ಲು. ಚಕ್ರ ತಿರುಗಿತೆಂದರೆ ಎಂಥ ಮರದ ಬುಡವೂ ರಾಗಿಹಿಟ್ಟು. ಅದು ಗುಡುಗಿದ ಸದ್ದಿಗೆ ಪಕ್ಕದೂರಿನ ಎಮ್ಮೆಗಳು ದಿನ ತುಂಬುವ ಮೊದಲೇ ಕರು ಹಾಕಿದವು.

ರೈತ ಚಹದಂಗಡಿಯಲ್ಲಿ ಕೂತು ಮೀಸೆ ತಿರುವಿದ. "ಸಂತೆ ದಿನದೊಳಗೆ ಬೊಡ್ಡೆ ಹಿಟ್ಟಾಗದಿದ್ದರೆ ಈ ಮೀಸೆ ಬೋಳಿಸ್ತೀನಿ," ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದ.

ಚಕ್ರ ಬೊಡ್ಡೆಗೆ ತಾಗಿದ್ದೇ ತಡ, ಹಲ್ಲು ಪಟಪಟನೆ ಮುರಿದವು. ರೈತ ಪೇಟೆಗೆ ಓಡಿದ. ಮರ ಗಟ್ಟಿಯಿದ್ದರೆ ಇದು ಎಂದು ವ್ಯಾಪಾರಿ ಹರಿತವಾದ ಹಲ್ಲು ಕೊಟ್ಟ. ಮುರಿದವು. ಮತ್ತೆ ಓಡಿದ. ನೆಲದಲ್ಲಿ ಕಲ್ಲಿದ್ದರೆ ಇದು ಎಂದು ಮೊಂಡು ಮೂತಿಯ ದಪ್ಪ ಹಲ್ಲು ಕೊಟ್ಟ. ಅವೂ ಮುರಿದವು. ಒಂದು ಹಲ್ಲು ಹಾರಿಹೋಗಿ ಮನೆಯ ಹಂಚು ಒಡೆದು ಒಲೆಯ ಮೇಲಿನ ಸಾರಿನ ಪಾತ್ರೆಗೇ ಬಿತ್ತು.

"ಸಾರಿಗೆ ಉಪ್ಪು ಸಾಕಿತ್ತು, ಉಕ್ಕು ಬೇಕಿರಲಿಲ್ಲ," ಎಂದಳು ಹೆಂಡತಿ.

ರೈತನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕೈ ಮತ್ತೆ ಮತ್ತೆ ಮೀಸೆಗೆ ಹೋಗುತ್ತಿತ್ತು. ಸಂತೆಯ ದಿನ ಅಂಗಡಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತ.

"ಇದಕ್ಕಿಂತ ಗಟ್ಟಿ ಹಲ್ಲು ಕೊಡು."

"ಇದಕ್ಕಿಂತ ಗಟ್ಟಿ ಹಲ್ಲು ಯಮನ ಬಾಯಲ್ಲಿದೆ ಯಜಮಾನ್ರೇ. ಹೋಗಿ ಬರ್ತೀರಾ?" ಎಂದ ವ್ಯಾಪಾರಿ. "ಹೊಸದು ಆಮೇಲೆ. ಮುರಿದದ್ದು ತೋರಿಸಿ."

ರೈತ ಜೇಬಿನಿಂದ ತೆಗೆದುಕೊಟ್ಟ. ವ್ಯಾಪಾರಿ ಅದನ್ನು ಬೆಳಕಿಗೆ ಹಿಡಿದ. ಮೂತಿಗೆ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದು ನೋಡಿದ.

"ಹುಣಸೆಮರಕ್ಕೆ ತುಕ್ಕು ಹಿಡಿಯುತ್ತಾ ಯಜಮಾನ್ರೇ?"

ರೈತನಿಗೆ ಆಗ ನೆನಪಾಯಿತು. ಆ ಸೀಮೆಯಲ್ಲಿ ಮನೆಗೆ ಕೇಡು ಬಂದರೆ ಹುಣಸೆಮರಕ್ಕೆ ಮೊಳೆ ಹೊಡೆದು ಕೇಡನ್ನು ಕಟ್ಟಿಹಾಕುವ ರೂಢಿ. ಎಮ್ಮೆ ಬತ್ತಿದಾಗ, ಇದು ಪಕ್ಕದ ಮನೆಯವಳ ಕಣ್ಣು ಎಂದು ಅವಳ ಹೆಸರು ಹೇಳಿ ಮೊಳೆ ಹೊಡೆದಿದ್ದ. ಮಗುವಿಗೆ ಜ್ವರ ಬಂದಾಗ ದಾಯಾದಿಯ ಹೆಸರಿಗೊಂದು. ಎಡವಿ ಕಾಲು ಉಳುಕಿದ್ದಕ್ಕೂ ಯಾರದೋ ಹೆಸರು. ಯಾರನ್ನೂ ಹೋಗಿ ಕೇಳಿದವನಲ್ಲ. ಮರ ಬೆಳೆಯಿತು, ತೊಗಟೆ ಮೊಳೆಗಳನ್ನು ನುಂಗಿತು. ಹೊಡೆದವನು ಮರೆತ.

ಗುರುಗಳು ಅಷ್ಟಕ್ಕೇ ನಿಲ್ಲಿಸಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

ತಾನು ಯಾವಾಗ ಕೂತೆನೆಂದು ಮರುಳಯ್ಯನಿಗೇ ತಿಳಿದಿರಲಿಲ್ಲ. ಅವನು ಮತ್ತೆ ಏಳಲು ಹೋದ, ಏಳಲಿಲ್ಲ.

"ಮೀಸೆ ಏನಾಯಿತು?" ಎಂದ.

"ಹೋಯಿತು. ಸಂತೆಯಲ್ಲೇ, ಊರೆಲ್ಲ ನೋಡುವಾಗ. ಬೊಡ್ಡೆಯೂ ಹೋಯಿತು, ಸ್ವಲ್ಪ ತಡವಾಗಿ."

"ಹಾಗಾದರೆ ಕೊನೆಗೆ ಯಾವ ಹಲ್ಲು ಕೊಂಡ, ಗುರುಗಳೇ?"

"ಹಲ್ಲಲ್ಲವೋ ಮರುಳಾ, ಮೊಳೆ ಕೀಳುವ ಇಕ್ಕಳ ಕೊಂಡ, ನಾಳೆ ಅಣ್ಣ ಬಂದಾಗ ನೀನೂ ಅದನ್ನೇ ಹಿಡಿದು ಕೂತಿರು."